ಐಡಿ ಕಮಾಂಡ್ ತೋರಿಸುವ ಗ್ರೂಪಿನಲ್ಲಿ ಗಿರೀಶ ಏಕೆ ಕಾಣುವುದಿಲ್ಲ?

ಪ್ರಶ್ನೆ: ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ 'ಲೆಕ್ಕ' ಅಂತ ಒಂದು ಗ್ರೂಪ್ ಇದೆ. ಅದರಲ್ಲಿ ಯಾರ್ಯಾರಿದ್ದಾರೆ ಎಂದು ನೋಡಲು ಪೈಥಾನ್‌ನ ಜಿಆರ್‌ಪಿ ಮಾಡ್ಯೂಲ್ ಬಳಸಿ ಚಿಕ್ಕ ಪ್ರೋಗ್ರಾಮ್ ಬರೆದೆ. ಸುಮಾ ಬಂದರು, ರವಿ ಬಂದರು, ಗಿರೀಶ ಬರಲಿಲ್ಲ. ಆದರೆ ಟರ್ಮಿನಲ್‌ನಲ್ಲಿ 'ಐಡಿ ಗಿರೀಶ' ಎಂದು ಕೊಟ್ಟರೆ ಲೆಕ್ಕ ಗ್ರೂಪ್ ಕಾಣುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ನೀವು ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ, ಎರಡಕ್ಕೂ ಸರಿಯಾದ ಉತ್ತರವೇ ಬಂದಿದೆ. ಗಿರೀಶನಿಗೆ 'ಲೆಕ್ಕ' ಪ್ರೈಮರಿ ಗ್ರೂಪ್, ಅಂದರೆ ಅಕೌಂಟಿಗೇ ಅಂಟಿಕೊಂಡ ಮುಖ್ಯ ಗ್ರೂಪ್, ಆಗಿರಬೇಕು. ಪ್ರೈಮರಿ ಗ್ರೂಪಿನವರ ಹೆಸರು ಗ್ರೂಪಿನ ಪಟ್ಟಿಯಲ್ಲಿ ಇರಲೇಬೇಕು ಅಂತೇನಿಲ್ಲ, ಸಾಮಾನ್ಯವಾಗಿ ಇರುವುದೂ ಇಲ್ಲ.

ಫೈಲ್ ತೆರೆದು ನೋಡಿದರೆ ವಿಷಯ ತಕ್ಷಣ ತಿಳಿಯುತ್ತದೆ. ಇಟಿಸಿ ಫೋಲ್ಡರ್‌ನಲ್ಲಿರುವ 'ಗ್ರೂಪ್' ಫೈಲ್‌ನಲ್ಲಿ ಒಂದೊಂದು ಗ್ರೂಪಿಗೆ ಒಂದೊಂದು ಸಾಲು. ಸಾಲಿನಲ್ಲಿ ನಾಲ್ಕು ಭಾಗ, ನಡುವೆ ಕೋಲನ್. ಸರ್ವರ್‌ನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ:

ಲೆಕ್ಕ:ಎಕ್ಸ್:1005:ಸುಮಾ,ರವಿ

ಮೊದಲು ಹೆಸರು. ನಂತರ ಪಾಸ್‌ವರ್ಡ್‌ನ ಜಾಗ, ಈಗ ಅಲ್ಲಿ ಬರೀ ಒಂದು ಎಕ್ಸ್ ಕೂತಿರುತ್ತದೆ. ಮೂರನೆಯದು ಗ್ರೂಪಿನ ನಂಬರ್. ಕೊನೆಯದು ಸದಸ್ಯರ ಪಟ್ಟಿ. ಈಗ ಪಕ್ಕದ 'ಪಾಸ್‌ಡಬ್ಲ್ಯೂಡಿ' ಫೈಲ್‌ನಲ್ಲಿ ಗಿರೀಶನ ಸಾಲು ನೋಡಿ:

ಗಿರೀಶ:ಎಕ್ಸ್:1012:1005:…

ನಾಲ್ಕನೇ ಜಾಗದಲ್ಲಿ 1005 ಇದೆ ಅಲ್ವಾ? ಅದೇ ಪ್ರೈಮರಿ ಗ್ರೂಪ್. ಗಿರೀಶ ಲೆಕ್ಕ ಗ್ರೂಪಿನವನು ಎಂಬ ವಿಷಯ ಬರೆದಿರುವುದು ಈ ಒಂದೇ ಕಡೆ. ಐಡಿ ಕಮಾಂಡ್ ಎರಡೂ ಕಡೆ ನೋಡಿ ಹೇಳುತ್ತದೆ. ನಿಮ್ಮ ಪ್ರೋಗ್ರಾಮ್ ಮೊದಲನೇ ಫೈಲ್‌ನ ವಿಷಯವನ್ನಷ್ಟೇ ಕೇಳಿತು.

ಮದುವೆ ಮನೆಯಲ್ಲಿ ಲಗ್ನಪತ್ರಿಕೆ ಕೊಡಬೇಕಾದವರ ಪಟ್ಟಿ ಮಾಡುತ್ತಾರೆ. ಅದರಲ್ಲಿ ಹುಡುಗಿಯ ಅಪ್ಪ, ಅಮ್ಮ, ಅಣ್ಣನ ಹೆಸರು ಇರುವುದಿಲ್ಲ. ಮನೆಯವರಿಗೇ ಯಾರಾದರೂ ಪತ್ರಿಕೆ ಕೊಡ್ತಾರಾ? ಆದರೆ ಆ ಪಟ್ಟಿ ನೋಡಿ ಅಡುಗೆಯವರಿಗೆ ಎಲೆಯ ಲೆಕ್ಕ ಹೇಳಿದರೆ ಮನೆಯವರಿಗೇ ಊಟ ಸಿಗುವುದಿಲ್ಲ. ನಿಮ್ಮ ಪ್ರೋಗ್ರಾಮ್ ಮಾಡಿದ್ದು ಅದನ್ನೇ.

ಇಷ್ಟು ದಿನ ಇದು ನಿಮ್ಮ ಕಣ್ಣಿಗೆ ಬೀಳದೆ ಇರಲು ಒಂದು ಕಾರಣ ಇದೆ. ರೆಡ್ ಹ್ಯಾಟ್, ಡೆಬಿಯನ್ ಥರದ ಲಿನಕ್ಸ್‌ಗಳಲ್ಲಿ ಹೊಸ ಬಳಕೆದಾರನನ್ನು ಸೇರಿಸಿದರೆ ಅವನದೇ ಹೆಸರಿನ ಒಂದು ಗ್ರೂಪ್ ಹುಟ್ಟಿಕೊಳ್ಳುತ್ತದೆ, ಅದೇ ಅವನ ಪ್ರೈಮರಿ. ಉಳಿದ ಗ್ರೂಪುಗಳಿಗೆಲ್ಲ ನಾವು ಕೈಯಾರೆ ಸೇರಿಸುತ್ತೇವೆ, ಹಾಗಾಗಿ ಅವುಗಳ ಪಟ್ಟಿಯಲ್ಲಿ ಹೆಸರು ಬರುತ್ತದೆ. ಯಾರೋ ಒಬ್ಬರು ಗಿರೀಶನ ಅಕೌಂಟ್ ಮಾಡುವಾಗ ನೇರವಾಗಿ ಲೆಕ್ಕವನ್ನೇ ಪ್ರೈಮರಿ ಮಾಡಿದ್ದಾರೆ. ತಪ್ಪೇನಲ್ಲ.

ಹಾಗಾದರೆ ಏನು ಮಾಡಬೇಕು? ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. 'ಈ ಗ್ರೂಪಿನಲ್ಲಿ ಯಾರಿದ್ದಾರೆ' ಅನ್ನುವ ಬದಲು 'ಈ ಮನುಷ್ಯ ಯಾವ ಯಾವ ಗ್ರೂಪಿನಲ್ಲಿದ್ದಾನೆ' ಎಂದು ಕೇಳಿ. ಸಿ ಲೈಬ್ರರಿಯಲ್ಲಿ ಇದಕ್ಕಾಗಿಯೇ ಗೆಟ್‌ಗ್ರೂಪ್‌ಲಿಸ್ಟ್ ಎಂಬ ಫಂಕ್ಷನ್ ಇದೆ. ಪೈಥಾನ್‌ನಲ್ಲಿ 3.3ರಿಂದ ಓಎಸ್ ಮಾಡ್ಯೂಲ್‌ನಲ್ಲೇ ಸಿಗುತ್ತದೆ. ಉತ್ತರವಾಗಿ ನಂಬರುಗಳ ಪಟ್ಟಿ ಬರುತ್ತದೆ. ಅದರಲ್ಲಿ 1005 ಇದೆಯಾ ನೋಡಿದರೆ ಮುಗಿಯಿತು.

ಇಲ್ಲೊಂದು ಚಿಕ್ಕ ಮುಳ್ಳಿದೆ. ಗೆಟ್‌ಗ್ರೂಪ್‌ಲಿಸ್ಟ್‌ಗೆ ಹೆಸರಿನ ಜೊತೆ ಒಂದು ಗ್ರೂಪ್ ನಂಬರನ್ನೂ ಕೊಡಬೇಕು. ಅದು ಏಕೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರೈಮರಿ ಗ್ರೂಪನ್ನು ಆ ಫಂಕ್ಷನ್ ತಾನಾಗಿ ಹುಡುಕುವುದಿಲ್ಲ, ನೀವೇ ಕೈಗೆ ಕೊಡಬೇಕು. ಕೊಟ್ಟಿದ್ದನ್ನು ಅದು ಪ್ರಶ್ನೆ ಮಾಡದೆ ಉತ್ತರದಲ್ಲಿ ಸೇರಿಸುತ್ತದೆ. ಏನು ಕೊಡಬೇಕು ಗೊತ್ತಾಗದೆ ಸುಮ್ನೆ 0 ಕೊಟ್ಟರೆ ಎಲ್ಲರೂ ರೂಟ್ (ಸರ್ವರ್‌ನ ಸರ್ವಾಧಿಕಾರಿ) ಗ್ರೂಪಿನವರ ಹಾಗೆ ಕಾಣುತ್ತಾರೆ! ಆದ್ದರಿಂದ ಮೊದಲು ಪಿಡಬ್ಲ್ಯೂಡಿ ಮಾಡ್ಯೂಲ್‌ನ ಗೆಟ್‌ಪಿಡಬ್ಲ್ಯೂನ್ಯಾಮ್‌ಗೆ 'ಗಿರೀಶ' ಎಂದು ಕೊಟ್ಟು ಅವನ ಪ್ರೈಮರಿ ನಂಬರ್ ತೆಗೆದುಕೊಳ್ಳಿ. ನಂತರ ಆ ನಂಬರನ್ನೇ ಗೆಟ್‌ಗ್ರೂಪ್‌ಲಿಸ್ಟ್‌ಗೆ ಕೊಡಿ. ಎರಡೇ ಸಾಲಿನ ಕೆಲಸ.

ಸಿ ಭಾಷೆಯಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಅಲ್ಲಿ ಉತ್ತರ ತುಂಬಿಸಲು ಅರೇ ನೀವೇ ಕೊಡಬೇಕು. ಜಾಗ ಸಾಲದಿದ್ದರೆ ಫಂಕ್ಷನ್ -1 ಹಿಂದಿರುಗಿಸಿ, ಎಷ್ಟು ಜಾಗ ಬೇಕಿತ್ತು ಎಂದು ಹೇಳುತ್ತದೆ. ಆಗ ದೊಡ್ಡ ಅರೇ ಮಾಡಿಕೊಂಡು ಮತ್ತೆ ಕೇಳಿ. '32 ಸಾಕು ಬಿಡಿ' ಅನ್ನುವುದು ಹಳೇ ಕಾಲದ ಲೆಕ್ಕ. ಲಿನಕ್ಸ್ 2.6.4ಕ್ಕೆ ಮುಂಚೆ ಒಂದು ಪ್ರೊಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮಿಗೆ) ಹೆಚ್ಚುವರಿ, ಅಂದರೆ ಪ್ರೈಮರಿ ಅಲ್ಲದ, ಗ್ರೂಪುಗಳ ಮಿತಿ 32 ಇತ್ತು, ಆಮೇಲೆ ಅದು 65,536 ಆಯಿತು.

ಸಿ ಕಡೆಯವರನ್ನು ಇದಕ್ಕಿಂತ ಜಾಸ್ತಿ ಕಾಡುವುದು ಹೆಸರು ಕೊಟ್ಟರೆ ಗ್ರೂಪಿನ ವಿವರ ಕೊಡುವ ಗೆಟ್‌ಜಿಆರ್‌ನ್ಯಾಮ್. ಪೈಥಾನ್‌ನ ಜಿಆರ್‌ಪಿ ಮಾಡ್ಯೂಲ್ ಒಳಗೆ ಕೆಲಸ ಮಾಡುವುದೂ ಈ ಕುಟುಂಬದ ಫಂಕ್ಷನ್‌ಗಳೇ. ಇದು ಕೊಡುವ ಪಾಯಿಂಟರ್ ಲೈಬ್ರರಿಯ ಸ್ವಂತ ಜಾಗವನ್ನು ತೋರಿಸುತ್ತದೆ, ನಿಮ್ಮದನ್ನಲ್ಲ. 'ಲೆಕ್ಕ' ಕೇಳಿ ಒಂದು ಪಾಯಿಂಟರ್ ಇಟ್ಟುಕೊಂಡಿರಿ, ಆಮೇಲೆ 'ಗೋದಾಮು' ಕೇಳಿ ಇನ್ನೊಂದು ಇಟ್ಟುಕೊಂಡಿರಿ ಅಂತಿಟ್ಟುಕೊಳ್ಳಿ. ಈಗ ಎರಡೂ ಪಾಯಿಂಟರ್ ಗೋದಾಮನ್ನೇ ತೋರಿಸಬಹುದು. ಸ್ಲೇಟು ಒಂದೇ, ಹಳೆಯದನ್ನು ಒರೆಸಿ ಹೊಸದನ್ನು ಬರೆದಿದೆ, ಅಷ್ಟೆ. ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ, ಇಲ್ಲವೇ ಹೆಸರಿನ ಕೊನೆಯಲ್ಲಿ ಅಂಡರ್‌ಸ್ಕೋರ್ ಆರ್ ಇರುವ, ನೀವು ಕೊಟ್ಟ ಜಾಗದಲ್ಲೇ ಉತ್ತರ ಬರೆಯುವ ಫಂಕ್ಷನ್ ಬಳಸಿ. ಥ್ರೆಡ್ ಇರುವ ಪ್ರೋಗ್ರಾಮ್ ಆದರೆ ಎರಡನೆಯದೇ ಸರಿ.

'ಇಷ್ಟೆಲ್ಲ ಏಕೆ, ಗ್ರೂಪ್ ಫೈಲನ್ನೇ ತೆರೆದು ಕೋಲನ್‌ನಲ್ಲಿ ಒಡೆದರೆ ಆಯಿತಲ್ಲ' ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಮೇಲೆ ನಾನೇ ಫೈಲ್ ತೋರಿಸಿದೆ ನಿಜ, ಅದು ಅರ್ಥವಾಗಲಿ ಅಂತ. ದೊಡ್ಡ ಆಫೀಸುಗಳಲ್ಲಿ ಗ್ರೂಪುಗಳು ಆ ಫೈಲ್‌ನಲ್ಲಿ ಇರುವುದೇ ಇಲ್ಲ, ಎಲ್‌ಡ್ಯಾಪ್ ಅಥವಾ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಸೇರಿ ಒಂದೇ ಕಡೆ ಇಟ್ಟ ಬಳಕೆದಾರರ ಡೈರೆಕ್ಟರಿಯಲ್ಲಿ, ಇರುತ್ತವೆ. ಎಲ್ಲೆಲ್ಲಿ ಹುಡುಕಬೇಕು, ಯಾವ ಕ್ರಮದಲ್ಲಿ ಎಂಬುದನ್ನು ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲ್ ಹೇಳುತ್ತದೆ. ಲೈಬ್ರರಿ ಫಂಕ್ಷನ್‌ಗಳು ಅದನ್ನು ನೋಡಿ ನಡೆಯುತ್ತವೆ, ನೀವು ಬರೆದ ಕೋಲನ್ ಒಡೆಯುವ ಕೋಡ್ ನಡೆಯುವುದಿಲ್ಲ. ಗೋ ಭಾಷೆಯಲ್ಲಿ ಸಿಗೋ (ಸಿ ಲೈಬ್ರರಿಯನ್ನು ಬಳಸುವ ಸೌಲಭ್ಯ) ಆಫ್ ಮಾಡಿ ಬಿಲ್ಡ್ ಮಾಡಿದರೂ ಇದೇ ಕಥೆ: ಅದರ ಯೂಸರ್ ಪ್ಯಾಕೇಜ್ ಆಗ ಫೈಲನ್ನಷ್ಟೇ ಓದುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ನಡೆದು ಸರ್ವರ್‌ಗೆ ಹೋದಮೇಲೆ 'ಅಂಥ ಗ್ರೂಪೇ ಇಲ್ಲ' ಅಂದರೆ ಇಲ್ಲಿ ನೋಡಿ. ಲೈಬ್ರರಿಗೆ ಏನು ಕಾಣುತ್ತಿದೆ ಎಂದು ತಿಳಿಯಲು 'ಗೆಟ್‌ಎಂಟ್ ಗ್ರೂಪ್ ಲೆಕ್ಕ' ಎಂಬ ಕಮಾಂಡ್ ಸಾಕು.

ಇನ್ನು ನಾನೇ ಬಿದ್ದ ಒಂದು ಗುಂಡಿ. ಒಂದು ಸಂಜೆ ಯೂಸರ್‌ಮಾಡ್ ಕಮಾಂಡ್ ಕೊಟ್ಟು ನನ್ನನ್ನೇ ಡಾಕರ್ (ಕಂಟೇನರ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಗ್ರೂಪಿಗೆ ಸೇರಿಸಿಕೊಂಡೆ. ಡಾಕರ್ ಕಮಾಂಡ್ ಕೊಟ್ಟರೆ ಪರ್ಮಿಶನ್ ಇಲ್ಲ. 'ಐಡಿ' ಎಂದು ಹಾಕಿ ಮುಂದೆ ನನ್ನ ಹೆಸರು ಕೊಟ್ಟರೆ ಡಾಕರ್ ಗ್ರೂಪ್ ಇದೆ. ಬರೀ 'ಐಡಿ' ಅಂದರೆ ಇಲ್ಲ! ಅರ್ಧ ಗಂಟೆ ಡಾಕರ್‌ಗೆ ಬೈದೆ. ಅದರ ತಪ್ಪು ಏನೂ ಇರಲಿಲ್ಲ. ಹೆಸರು ಕೊಟ್ಟಾಗ ಐಡಿ ಕಮಾಂಡ್ ಡೇಟಾಬೇಸ್, ಅಂದರೆ ಮೇಲೆ ಹೇಳಿದ ಫೈಲ್‌ಗಳು ಅಥವಾ ಡೈರೆಕ್ಟರಿ, ನೋಡುತ್ತದೆ. ಹೆಸರು ಕೊಡದಿದ್ದರೆ ಈಗ ಓಡುತ್ತಿರುವ ಪ್ರೊಸೆಸ್ ಯಾವ ಗ್ರೂಪುಗಳನ್ನು ಹೊತ್ತುಕೊಂಡಿದೆ ಎಂದು ಕರ್ನಲ್‌ನ್ನು ಕೇಳುತ್ತದೆ. ಆ ಹೊರೆ ಕಟ್ಟುವುದು ಲಾಗಿನ್ ಆಗುವಾಗ. ಆಮೇಲೆ ಡೇಟಾಬೇಸ್‌ನಲ್ಲಿ ಏನು ಬದಲಾದರೂ ಓಡುತ್ತಿರುವ ಪ್ರೊಸೆಸ್‌ಗೆ ಸುದ್ದಿ ಹೋಗುವುದಿಲ್ಲ. ಲಾಗ್‌ಔಟ್ ಆಗಿ ಬಂದೆ, ಆಗಲೂ ಇಲ್ಲ. ಏಕೆಂದರೆ ಬಂದವನು ಹಳೇ ಟಿಮಕ್ಸ್ (ಲಾಗ್‌ಔಟ್ ಆದರೂ ಟರ್ಮಿನಲ್ ಓಡುತ್ತಲೇ ಇರುವಂತೆ ಮಾಡುವ ಪ್ರೋಗ್ರಾಮ್) ಸೆಷನ್‌ಗೇ ಅಂಟಿಕೊಂಡಿದ್ದೆ, ಅದರ ಸರ್ವರ್ ಬೆಳಗ್ಗೆಯ ಗ್ರೂಪುಗಳನ್ನೇ ಹೊತ್ತು ಕೂತಿತ್ತು. (ಅಂದಹಾಗೆ ಯೂಸರ್‌ಮಾಡ್‌ನಲ್ಲಿ ದೊಡ್ಡ ಜಿ ಮಾತ್ರ ಹಾಕಿ ಚಿಕ್ಕ ಎ ಮರೆತರೆ ಅವರ ಉಳಿದ ಹೆಚ್ಚುವರಿ ಗ್ರೂಪುಗಳೆಲ್ಲ ಹೋಗುತ್ತವೆ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಗ್ರೂಪೂ ಸೇರಿ.)

ಪ್ರೋಗ್ರಾಮ್‌ನಲ್ಲೂ ಈ ವ್ಯತ್ಯಾಸ ಹಾಗೇ ಇದೆ. ಗೆಟ್‌ಗ್ರೂಪ್‌ಲಿಸ್ಟ್ ಡೇಟಾಬೇಸ್ ನೋಡುತ್ತದೆ. ಗೆಟ್‌ಗ್ರೂಪ್ಸ್ ಈ ಪ್ರೊಸೆಸ್‌ನ ಬಗ್ಗೆ ಹೇಳುತ್ತದೆ. ಹೆಸರು ಹತ್ತಿರ ಇದೆ ಅಂತ ಒಂದರ ಬದಲು ಇನ್ನೊಂದು ಬಳಸಬೇಡಿ.

ಈ ಪ್ರೋಗ್ರಾಮ್ ಯಾತಕ್ಕೆ ಎಂದು ನೀವು ಬರೆದಿಲ್ಲ. ಗಿರೀಶ ಒಂದು ಫೈಲ್ ತೆರೆಯಬಹುದಾ ಎಂದು ಮೊದಲೇ ತಿಳಿಯುವುದಕ್ಕಾದರೆ ಗ್ರೂಪ್ ನೋಡುವುದನ್ನೇ ಬಿಡಿ. ಗಿರೀಶನ ಹೆಸರಿನಲ್ಲೇ ಪ್ರೋಗ್ರಾಮ್ ಓಡಲಿ, ಫೈಲ್ ತೆರೆಯಲು ನೋಡಲಿ, ಆಗದಿದ್ದರೆ ಎರರ್ ತೋರಿಸಲಿ. ಪರ್ಮಿಶನ್ ಅಂದರೆ ಬರೀ ಗ್ರೂಪ್ ಅಲ್ಲ, ಎಸಿಎಲ್ (ಫೈಲಿಗೆ ಪ್ರತ್ಯೇಕವಾಗಿ ಅಂಟಿಸಿದ ಅನುಮತಿ ಪಟ್ಟಿ) ಇರಬಹುದು. ಫೈಲ್ ಎನ್‌ಎಫ್‌ಎಸ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದಲ್ಲಿ, ಇದ್ದರೆ ಬಳಕೆದಾರನ ಗುರುತು ಕಳಿಸುವ ಸಾಮಾನ್ಯ ಆಥ್ ಸಿಸ್ ವಿಧಾನದಲ್ಲಿ ಹೆಚ್ಚುವರಿ ಗ್ರೂಪುಗಳಲ್ಲಿ 16 ಮಾತ್ರ ಆ ಕಡೆ ತಲುಪುತ್ತವೆ. ನಿಮ್ಮ ಲೆಕ್ಕ ಸರಿ ಬಂದರೂ ಬಾಗಿಲು ತೆಗೆಯದೆ ಇರಬಹುದು.

ಆಡಿಟ್‌ಗೆ ಪೂರ್ತಿ ಪಟ್ಟಿಯೇ ಬೇಕು ಎಂದಾದರೆ ಗ್ರೂಪಿನ ಸದಸ್ಯರನ್ನು ತೆಗೆದುಕೊಂಡು, ಅದಕ್ಕೆ ಪ್ರೈಮರಿ ನಂಬರ್ 1005 ಇರುವ ಎಲ್ಲ ಬಳಕೆದಾರರನ್ನೂ ಸೇರಿಸಿ. ಕೆಲವರು ಎರಡೂ ಕಡೆ ಇರುತ್ತಾರೆ, ಹಾಗಾಗಿ ಪೈಥಾನ್‌ನ ಸೆಟ್‌ಗೆ ಹಾಕಿ. ಸರ್ವರ್ ಎಸ್‌ಎಸ್‌ಎಸ್‌ಡಿ (ಸರ್ವರ್ ಮತ್ತು ಡೈರೆಕ್ಟರಿ ನಡುವಿನ ಕೊಂಡಿಯಾಗಿರುವ ಪ್ರೋಗ್ರಾಮ್) ಮೂಲಕ ಡೈರೆಕ್ಟರಿಗೆ ಸೇರಿದ್ದರೆ ಮಾತ್ರ ಇದು ಸಾಲದು. ಎಲ್ಲ ಬಳಕೆದಾರರನ್ನು ಸಾಲಾಗಿ ಕೊಡುವ ಸೌಲಭ್ಯ ಅಲ್ಲಿ ಮೊದಲಿಂದಲೇ ಆಫ್ ಆಗಿರುತ್ತದೆ. ಲೈಬ್ರರಿ ಯಾವ ಎರರೂ ಕೊಡದೆ ಅರ್ಧ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಅಂಥ ಕಡೆ ಡೈರೆಕ್ಟರಿಯನ್ನು ನೋಡಿಕೊಳ್ಳುವವರ ಹತ್ತಿರವೇ ಪಟ್ಟಿ ಕೇಳಿ ತೆಗೆದುಕೊಳ್ಳಿ.