ಒಳರಸ್ತೆಗೆ ಒಂದು ಹಂಪ್ ಹಾಕಿಸಿದರೆ ಸಾಕೇ?

ಪ್ರಶ್ನೆ: ಮಂಗಳೂರಿನ ನಂತೂರಿನಲ್ಲಿ ಜಾಮ್ ಆದಾಗೆಲ್ಲ ಕಾರುಗಳು ನಮ್ಮ ಒಳರಸ್ತೆಗೆ ನುಗ್ಗುತ್ತವೆ. ಮಕ್ಕಳನ್ನು ಗೇಟಿನಿಂದ ಹೊರಗೆ ಬಿಡುವ ಹಾಗಿಲ್ಲ. ಒಂದು ಹಂಪ್ ಹಾಕಿಸಿದರೆ ಸಾಕಲ್ಲವೇ?

ಸಾಲದು. ಹಂಪ್ ದಾಟಿದ ಕಾರು ಸ್ವಲ್ಪ ದೂರದಲ್ಲೇ ಹಳೆಯ ವೇಗ ಹಿಡಿಯುತ್ತದೆ. ಅದಕ್ಕೇ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ 100ರಿಂದ 120 ಮೀಟರಿಗೊಂದರಂತೆ ಸಾಲಾಗಿ ಹಾಕಲು ಹೇಳಿದೆ. ಅದರ ಅಳತೆಯೂ ನಿಗದಿಯಾಗಿದೆ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಇದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು.

ನಮ್ಮ ಓಣಿಗಳಲ್ಲಿ ಕಾಣುವುದು ಬೇರೆ. ಒಂದಡಿ ಅಗಲದ ಸಿಮೆಂಟ್ ದಿಂಡು, ಇಲ್ಲವೇ ಬೋಲ್ಟ್ ಹೊಡೆದ ರಬ್ಬರ್ ಪಟ್ಟಿ. ಇಂಥದ್ದರ ಮೇಲೆ ನಿಧಾನಕ್ಕೆ ಹೋದವರಿಗೇ ಕುಲುಕು ಹೆಚ್ಚು. ಜೋರಾಗಿ ಹೋದ ದೊಡ್ಡ ಕಾರಿನಲ್ಲಿ ಆ ಹೊಡೆತವನ್ನು ಟೈರು, ಸಸ್ಪೆನ್ಷನ್ ನುಂಗಿಬಿಡುತ್ತವೆ, ಒಳಗೆ ಕುಳಿತವರಿಗೆ ಅಷ್ಟು ಗೊತ್ತೇ ಆಗುವುದಿಲ್ಲ. ಪೆಟ್ಟು ತಿನ್ನುವುದು ಸ್ಕೂಟರಿನವರ ಸೊಂಟ. ಹಾಗಾಗಿ ಕೆಲಸ ಮುಗಿದ ದಿನವೇ ಟೇಪ್ ಹಿಡಿಯಿರಿ. ಅಂಚಿನಿಂದ ಸುಮಾರು 92 ಸೆಂ.ಮೀ. ಒಳಗೆ ಎತ್ತರ 7.5 ಸೆಂ.ಮೀ. ಇದ್ದರೆ ಕಮಾನು ಸರಿಯಿದೆ.

ಕರಾವಳಿಯಲ್ಲಿ ಇನ್ನೊಂದು ತಲೆನೋವು ಮಳೆನೀರು. ಇಳಿಜಾರಿನ ರಸ್ತೆಗೆ ಅಡ್ಡಲಾಗಿ ಹಂಪ್ ಬಂದರೆ ನೀರು ಯಾರದೋ ಕಂಪೌಂಡಿಗೆ ನುಗ್ಗುತ್ತದೆ. ನೀರು ಹೋಗಲೆಂದು ಬದಿಯಲ್ಲಿ ಅಗಲವಾಗಿ ಬಿಟ್ಟರೆ ಬೈಕಿನವರೆಲ್ಲ ಅಲ್ಲಿಂದಲೇ ನುಸುಳುತ್ತಾರೆ, ಅಲ್ಲೇ ಚರಂಡಿಗೂ ಬೀಳುತ್ತಾರೆ. ಚರಂಡಿಗೆ ಚಪ್ಪಡಿ ಹಾಕಿಸಿ ಹಂಪನ್ನು ಅಂಚಿನವರೆಗೆ ಒಯ್ಯುವುದೇ ಸರಿ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ನುಣುಪು ಮೈಮೇಲೆ ಡಾಮರು ಹಂಪ್ ಹಿಡಿದು ನಿಲ್ಲುವುದಿಲ್ಲ. ಮೇಲ್ಮೈಯನ್ನು ಕೆತ್ತಿ ಒರಟು ಮಾಡಿ, ಟ್ಯಾಕ್ ಕೋಟ್ (ಅಂಟು ಹಿಡಿಸುವ ತೆಳು ಡಾಮರು ಲೇಪ) ಬಳಿಯದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಹೆಂಟೆ ಹೆಂಟೆಯಾಗಿ ಏಳುತ್ತದೆ. ಬಣ್ಣ ಸಾದಾ ಪೇಂಟ್ ಬೇಡ, ಗಾಜಿನ ಮಣಿ ಬೆರೆಸಿದ, ಕಾಯಿಸಿ ಬಳಿಯುವ ಥರ್ಮೋಪ್ಲಾಸ್ಟಿಕ್ ಆಗಲಿ. 40 ಮೀಟರ್ ಮೊದಲೇ ಫಲಕ ಇರಲಿ. ಕಡಿದಾದ ಇಳಿಜಾರಿನಲ್ಲಿ, ತಿರುವಿನ ಮರೆಯಲ್ಲಿ ಹಂಪ್ ಹಾಕಿಸಲೇಬೇಡಿ.

ಆದರೆ ನಿಮ್ಮ ನಿಜವಾದ ತೊಂದರೆ ವೇಗವೋ, ಸಂಖ್ಯೆಯೋ? ಅಳೆದು ನೋಡಿ. ರಸ್ತೆಯಲ್ಲಿ 50 ಮೀಟರ್ ಗುರುತು ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಬದಿಯಲ್ಲಿ ನಿಲ್ಲಿ. 6 ಸೆಕೆಂಡಿಗೆ ದಾಟಿದರೆ ವೇಗ ಗಂಟೆಗೆ 30 ಕಿ.ಮೀ., 4.5 ಸೆಕೆಂಡಿಗಾದರೆ 40, 3.6ಕ್ಕಾದರೆ 50. ನಲವತ್ತು ವಾಹನ ಅಳೆದು, ಅತಿವೇಗದ ಆರನ್ನು ಬಿಟ್ಟು ಏಳನೆಯದನ್ನು ನೋಡಿ. ಅದು 30ರ ಆಸುಪಾಸಿನಲ್ಲಿದ್ದರೆ ಹಂಪ್‌ನಿಂದ ಹೆಚ್ಚೇನೂ ಆಗದು. ಆಗ ಬೇಕಾದದ್ದು ಅಡ್ಡದಾರಿ ಹಿಡಿಯುವವರನ್ನು ತಡೆಯುವ ವ್ಯವಸ್ಥೆ: ಬೆಳಗ್ಗೆ, ಸಂಜೆಯ ದಟ್ಟಣೆ ಹೊತ್ತಿನಲ್ಲಿ ಒಂದು ತುದಿಯಿಂದ ಪ್ರವೇಶ ನಿಷೇಧ, ಅಥವಾ ಆಚೆ ಕಡೆಗೆ ನೇರವಾಗಿ ದಾಟಲಾಗದಂತೆ ನಡುವೆ ತಡೆ. ಏಕಮುಖ ಸಂಚಾರ ಕೇಳುವ ಮುನ್ನ ಯೋಚಿಸಿ. ಎದುರಿಂದ ಯಾರೂ ಬರುವುದಿಲ್ಲವೆಂಬ ಧೈರ್ಯಕ್ಕೆ ವೇಗ ಏರುತ್ತದೆ.

ಅಗ್ಗದ ಉಪಾಯವೂ ಒಂದಿದೆ. ಪಾರ್ಕಿಂಗನ್ನು ಒಂದಿಷ್ಟು ದೂರ ಎಡಕ್ಕೆ, ಮುಂದೆ ಬಲಕ್ಕೆ ಗುರುತಿಸಿದರೆ ನೇರ ರಸ್ತೆ ಓಲಾಡುವ ರಸ್ತೆಯಾಗುತ್ತದೆ, ಕಾರು ತಾನಾಗಿ ನಿಧಾನಿಸುತ್ತದೆ. ಅಗ್ನಿಶಾಮಕ ವಾಹನ ಸಾಗುವಷ್ಟು ದಾರಿ ಉಳಿಸಿ.

ಅರ್ಜಿಯನ್ನು ಪಾಲಿಕೆಯ ಎಂಜಿನಿಯರಿಂಗ್ ವಿಭಾಗಕ್ಕೂ ಸಂಚಾರ ಪೊಲೀಸರಿಗೂ ಕೊಡಿ, ಅಳತೆಯ ಪಟ್ಟಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಪಡೆಯಿರಿ. ಪ್ರವೇಶ ನಿಷೇಧದಂಥದ್ದಕ್ಕೆ ಅಧಿಕೃತ ಆದೇಶವೇ ಬೇಕು. ಮಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು, ಉಡುಪಿಯಲ್ಲಾದರೆ ಜಿಲ್ಲಾಧಿಕಾರಿ ಅದನ್ನು ಹೊರಡಿಸುತ್ತಾರೆ. ನೆರೆಹೊರೆಯವರು ಚಂದಾ ಎತ್ತಿ ರಾತ್ರೋರಾತ್ರಿ ದಿಂಡು ಕಟ್ಟಿಸಬೇಡಿ. ಯಾರಾದರೂ ಬಿದ್ದರೆ ದಿಂಡು ಕಟ್ಟಿಸಿದವರ ಮೇಲೆಯೇ ಕೇಸು ಬರಬಹುದು.