ಕೊಯ್ಯದೆ ಎದೆಯುರಿ ನಿಲ್ಲಿಸಬಹುದೇ?

ಊಟ ಮಾಡಿ ಮಲಗಿದ ಸ್ವಲ್ಪ ಹೊತ್ತಿಗೆ ಎದೆ ಉರಿ, ಗಂಟಲಿಗೆ ಹುಳಿನೀರು. ಅಪರೂಪಕ್ಕೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕಾಡಿದರೆ ಪ್ರಶ್ನೆ ಏಳುತ್ತದೆ. ಜೀವನಪೂರ್ತಿ ಮಾತ್ರೆಯೇ, ಆಪರೇಷನ್ನೇ, ನಡುವೆ ಬೇರೇನೂ ಇಲ್ವಾ? ಇದೆ. ಆದರೆ ಆ ನಡುದಾರಿಯಲ್ಲಿ ಬಂದವುಗಳಲ್ಲಿ ಉಳಿದದ್ದು ಕಡಿಮೆ, ಮರೆಯಾದದ್ದೇ ಜಾಸ್ತಿ.

ಎದೆಯುರಿ ಅಂದರೆ ಹೊಟ್ಟೆಯಲ್ಲಿ ಆಸಿಡ್ ಹೆಚ್ಚಾಗಿದೆ ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಕೆಟ್ಟಿರುವುದು ಬಾಗಿಲು. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಯಾದ ಸ್ನಾಯು ಇದೆ. ಅದು ಹೊತ್ತಲ್ಲದ ಹೊತ್ತಲ್ಲಿ ಸಡಿಲಾದರೆ ಒಳಗಿನದು ಮೇಲಕ್ಕೆ ಬರುತ್ತದೆ. ಹೊಟ್ಟೆಯ ತುದಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯ) ಕಿಂಡಿಯಿಂದ ಎದೆಗೂಡಿಗೆ ನುಸುಳಿದ್ದರೆ, ಅಂದರೆ ಹಯಾಟಲ್ ಹರ್ನಿಯಾ ಇದ್ದರೆ, ಇನ್ನೂ ಸುಲಭ.

1936ರಲ್ಲಿ ಇಸ್ತಾಂಬುಲ್‌ನಲ್ಲಿ ಸರ್ಜನ್ ರುಡಾಲ್ಫ್ ನಿಸ್ಸೆನ್ ಬೇರೆ ಕಾರಣಕ್ಕೆ ಒಬ್ಬರ ಅನ್ನನಾಳದ ಆಪರೇಷನ್ ಮಾಡಿದರು. ಹೊಲಿಗೆ ಸೋರದಿರಲಿ ಎಂದು ಹೊಟ್ಟೆಯ ಮೇಲ್ಭಾಗವನ್ನು ಅದರ ಸುತ್ತ ಸುತ್ತಿದರು. ಆಮೇಲೆ ನೋಡಿದರೆ ಆ ರೋಗಿಗೆ ಎದೆಯುರಿಯೇ ಇಲ್ಲ! 1955ರಲ್ಲಿ ಎದೆಯುರಿಗೆಂದೇ ಹಾಗೆ ಸುತ್ತಿದರು. ಆಸಿಡ್ ತಗ್ಗಿಸುವ ಮಾತ್ರೆಗಳಲ್ಲಿ 1976ಕ್ಕೆ ಸಿಮೆಟಿಡಿನ್ ಬಂತು, 1988ಕ್ಕೆ ಒಮೆಪ್ರಜೋಲ್. 1991ರಲ್ಲಿ ಬೆಲ್ಜಿಯಂನ ಸರ್ಜನ್‌ಗಳು ನಿಸ್ಸೆನ್ ಸುತ್ತನ್ನು ಕೀಹೋಲ್ ಸರ್ಜರಿಗೆ ಇಳಿಸಿದರು. ಗಾಯ ಚಿಕ್ಕದಾಯಿತು. ಆದರೆ ಕೆಲವರಿಗೆ ತೇಗು ಬರದೆ ಹೊಟ್ಟೆ ಉಬ್ಬರಿಸುವುದು, ನುಂಗುವಾಗ ಸಿಕ್ಕಿಕೊಂಡಂತಾಗುವುದು ತಪ್ಪಲಿಲ್ಲ.

ಹಾಗಾದರೆ ಬಾಯಿಯಿಂದಲೇ ಒಳಗೆ ಹೋಗಿ ಬಾಗಿಲು ರಿಪೇರಿ ಮಾಡಿದರೆ? 2000ದಿಂದ 2005ರ ಕಾಲ ಈ ಆಸೆಯದ್ದು. ಅಮೆರಿಕದಲ್ಲಿ 2000ದಲ್ಲೇ ಎರಡು ಸಾಧನಗಳಿಗೆ ಒಪ್ಪಿಗೆ ಸಿಕ್ಕಿತು. ಎಂಡೋಸಿಂಚ್ ಪುಟ್ಟ ಹೊಲಿಗೆಯಂತ್ರದ ಹಾಗೆ ಒಳಗಿನಿಂದಲೇ ನೆರಿಗೆ ಹಿಡಿಯುತ್ತಿತ್ತು. ತಿಂಗಳು ಕಳೆದ ಹಾಗೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಸ್ಟ್ರೆಟ್ಟಾ ರೇಡಿಯೋ ತರಂಗದಿಂದ ಸ್ನಾಯುವಿಗೆ ಶಾಖ ಕೊಡುತ್ತಿತ್ತು. ಸುಮ್ನೆ ಚಿಕಿತ್ಸೆಯ ನಾಟಕವಷ್ಟೇ ಆದ ರೋಗಿಗಳ ಜೊತೆ ಇದನ್ನು ಹೋಲಿಸಿದ ಒಂದು ಪರೀಕ್ಷೆಯಲ್ಲಿ, ನಿಜವಾದ ಚಿಕಿತ್ಸೆ ಪಡೆದವರು ಉರಿ ಇಳಿದಿದೆ ಎಂದರು. ಅಳೆದು ನೋಡಿದರೆ ಮೇಲೆ ಬರುವ ಆಸಿಡ್ ಇಳಿದಿರಲಿಲ್ಲ. ಇವೆಲ್ಲಕ್ಕಿಂತ ಸರಳವಾಗಿ ಕಂಡದ್ದು ಎಂಟರಿಕ್ಸ್. ಸೂಜಿಯಿಂದ ದ್ರವವನ್ನು ಸ್ನಾಯುವಿಗೆ ಚುಚ್ಚುವುದು, ಅದು ಒಳಗೆ ಸ್ಪಂಜಿನಂತೆ ಗಟ್ಟಿಯಾಗಿ ಬಾಗಿಲನ್ನು ಬಿಗಿ ಮಾಡುವುದು. ಕೊಯ್ತವಿಲ್ಲ, ಹೊಲಿಗೆಯಿಲ್ಲ. 2003ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಗೋಡೆ ತೆಳು, ಆಚೆಗೇ ಮಹಾಧಮನಿ. ಸೂಜಿ ಗೋಡೆ ದಾಟಿದ ಪ್ರಕರಣಗಳಾದವು, ಸಾವೂ ಆಯಿತು. 2005ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಗಾಯ ಚಿಕ್ಕದಾದ ಮಾತ್ರಕ್ಕೆ ಅಪಾಯವೂ ಚಿಕ್ಕದಾಗಲ್ಲ, ಅಲ್ವಾ?

ನಂತರ ಬಂದವು ಸ್ವಲ್ಪ ಗಟ್ಟಿ. 2007ರಿಂದ ಟಿಫ್ ಇದೆ. ಬಾಯಿಯಿಂದ ಹೋಗಿ ಹೊಟ್ಟೆಯ ತುದಿಯನ್ನೇ ಮಡಚಿ ಪಿನ್ ಹಾಕುತ್ತಾರೆ. ಹರ್ನಿಯಾ ಎರಡು ಸೆಂಟಿಮೀಟರ್‌ಗಿಂತ ದೊಡ್ಡದಾದರೆ ಇದೊಂದೇ ಸಾಲದು. 2012ರಲ್ಲಿ ಒಪ್ಪಿಗೆ ಪಡೆದ ಲಿಂಕ್ಸ್ ಅನ್ನನಾಳದ ತುದಿಗೆ ತೊಡಿಸುವ, ಆಯಸ್ಕಾಂತವಿರುವ ಟೈಟಾನಿಯಂ ಮಣಿಗಳ ಬಳೆ. ನುಂಗಿದಾಗ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅದನ್ನು ತೊಡಿಸಲು ಮಾತ್ರ ಕೀಹೋಲ್ ಸರ್ಜರಿಯೇ ಬೇಕು.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಮಾತ್ರೆಗೆ ಬಗ್ಗದ ಎದೆಯುರಿ ಎಂದು ಬಂದವರು 366 ಜನ. ಒಮೆಪ್ರಜೋಲನ್ನೇ ಎರಡು ವಾರ, ಹೇಳಿದ ಹಾಗೆ ಊಟಕ್ಕೆ ಮುಂಚೆ ತೆಗೆದುಕೊಂಡಿದ್ದಕ್ಕೆ 42 ಜನಕ್ಕೆ ಉರಿ ಇಳಿಯಿತು. ಇನ್ನು 99 ಜನರಲ್ಲಿ ಉರಿ ಇತ್ತು, ಆಸಿಡ್ ಅದಕ್ಕೆ ಕಾರಣವಾಗಿರಲಿಲ್ಲ. ಕೊನೆಗೆ ಅಧ್ಯಯನಕ್ಕೆ ಉಳಿದವರು 78. ಅವರಲ್ಲಿ ಆಪರೇಷನ್ ಆದವರ ಪೈಕಿ 67% ಜನಕ್ಕೆ ಗುಣ ಕಂಡಿತು, ಬೇರೆ ಮಾತ್ರೆಗಳನ್ನೂ ಸೇರಿಸಿಕೊಂಡವರಲ್ಲಿ 28%. ಸರಿಯಾಗಿ ಆರಿಸಿದರೆ ಕತ್ತರಿಯೂ ಕೆಟ್ಟದ್ದಲ್ಲ. ಆದರೆ ಬಂದವರೆಲ್ಲರನ್ನೂ ಟೇಬಲ್ ಹತ್ತಿಸಿದ್ದರೆ?

ಹಾಗೆ ಆರಿಸುವ ಪರೀಕ್ಷೆ ಕಷ್ಟದ್ದೇನಲ್ಲ, ಕಿರಿಕಿರಿಯದ್ದು. ಆಸಿಡ್ ಅಳೆಯುವ ತೆಳು ವೈರನ್ನು ಮೂಗಿನಿಂದ ಇಳಿಸುತ್ತಾರೆ, ಸೊಂಟಕ್ಕೊಂದು ಪೆಟ್ಟಿಗೆ ಕಟ್ಟುತ್ತಾರೆ. 24 ಗಂಟೆ ಹಾಗೇ ಊಟ, ಹಾಗೇ ನಿದ್ದೆ. ಉರಿದಾಗಲೆಲ್ಲ ಬಟನ್ ಒತ್ತಬೇಕು. ಒಟ್ಟು ಹೊತ್ತಿನಲ್ಲಿ 6%ಗಿಂತ ಹೆಚ್ಚು ಕಾಲ ಆಸಿಡ್ ಅನ್ನನಾಳದಲ್ಲಿದ್ದರೆ ತೊಂದರೆ ಖಚಿತ, 4%ಗಿಂತ ಕಡಿಮೆ ಇದ್ದರೆ ಸಾಮಾನ್ಯ. ಫಲಿತಾಂಶ ಏನೇ ಬರಲಿ, ತೂಕ ಇಳಿಸುವುದು, ಮಂಚದ ತಲೆಕಡೆ ಎತ್ತರಿಸುವುದು, ಎಡಮಗ್ಗುಲಲ್ಲಿ ಮಲಗುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಇನ್ನು ಆಸಿಡ್ ಲೆಕ್ಕ ಸಾಮಾನ್ಯವಾಗಿದ್ದು, ಬಟನ್ ಒತ್ತಿದ ಹೊತ್ತಿಗೂ ಆಸಿಡ್ ಏರಿದ ಹೊತ್ತಿಗೂ ತಾಳೆಯೇ ಆಗದಿದ್ದರೆ, ರಿಪೇರಿ ಮಾಡಲು ಬಾಗಿಲು ಕೆಟ್ಟೇ ಇಲ್ಲ. ಅಂಥವರಿಗೆ ನರಗಳ ಸೂಕ್ಷ್ಮತೆ ತಗ್ಗಿಸುವ ಔಷಧ ಕೊಡುತ್ತಾರೆ, ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಸುತ್ತಾರೆ.