‘ಸಾಕು’ ಅನ್ನುವವರಿಲ್ಲದ ಅಡುಗೆಮನೆ

ಹೋದ ವರ್ಷ ಮಳೆ ಬಿಡುವ ಹೊತ್ತಿಗೆ ಶಿರಸಿ ಕಡೆಯ ಅಡಿಕೆ ತೋಟದ ಹಿರಿಯರೊಬ್ಬರು ಬಂದರು. ಕಣ್ಣಿನ ಪೊರೆ ಆಪರೇಷನ್‌ಗೆಂದು ರಕ್ತ ಪರೀಕ್ಷೆ ಮಾಡಿಸಿದ್ದರು, ಅಷ್ಟೇ. ಬಿಳಿ ರಕ್ತಕಣ 60 ಸಾವಿರ ದಾಟಿತ್ತು. ನಮ್ಮ ಕಡೆ ಕಣಗಳ ಲೆಕ್ಕ ಏರುಪೇರಾದರೆ ಇಲಿಜ್ವರ, ಮಂಗನ ಕಾಯಿಲೆ ಮೊದಲು ನೆನಪಾಗುತ್ತವೆ. ಇವರಿಗೆ ಜ್ವರವೇ ಇಲ್ಲ. ಗಾಜಿನ ಮೇಲೆ ರಕ್ತ ಸವರಿ ನೋಡಿದೆ. ಒಂದೇ ತರಹದ ಸಣ್ಣ ಲಿಂಫೋಸೈಟ್‌ಗಳು (ಬಿಳಿ ರಕ್ತಕಣದ ಒಂದು ಬಗೆ), ನಡುನಡುವೆ ಒರೆಸಿ ಹಾಕಿದ ಹಾಗೆ ಒಡೆದ ಕಣಗಳು. ಸಿಎಲ್‌ಎಲ್, ಅಂದರೆ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ರಕ್ತದ ಕ್ಯಾನ್ಸರ್. ಕಣಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಯೂ ಅದನ್ನೇ ಹೇಳಿತು.

ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿದರು. “ಡಾಕ್ಟ್ರೇ, ಮೈಕ್ರೋ ಆರ್‌ಎನ್‌ಎ ಟೆಸ್ಟ್ ಮಾಡಿಸಬೇಕಾ?” ರಾತ್ರಿಯೆಲ್ಲ ಗೂಗಲ್ ನೋಡಿದ್ದರು ಅಂತ ಕಾಣುತ್ತದೆ. ಆದರೂ ಪ್ರಶ್ನೆ ಒಳ್ಳೆಯದೇ.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಏನು ಮಾಡಬೇಕು ಅಂತ ಯಜಮಾನರಿಂದ ಭಟ್ಟರಿಗೆ ಚೀಟಿ ಹೋಗುತ್ತದೆ. ಜೀನ್‌ನಿಂದ ಹೊರಡುವ ಮೆಸೆಂಜರ್ ಆರ್‌ಎನ್‌ಎ ಆ ಚೀಟಿ, ತಯಾರಾಗುವ ಪ್ರೋಟೀನ್ ಅಡುಗೆ. ಮೈಕ್ರೋ ಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರಗಳ ತುಣುಕು. ತನಗೆ ಹೊಂದುವ ಚೀಟಿಗೆ ಅಂಟಿಕೊಂಡು ‘ಸಾಕು’ ಅನ್ನುವುದೇ ಅದರ ಕೆಲಸ. ಚೀಟಿ ಹರಿಯುತ್ತದೆ, ಇಲ್ಲವೇ ಭಟ್ಟರು ಅದನ್ನು ಓದುವುದೇ ಇಲ್ಲ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದು ಮೊದಲು ಕಂಡಿತು. ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ನೊಬೆಲ್ ಸಿಕ್ಕಿದ್ದು 2024ರಲ್ಲಿ.

ಸಿಎಲ್‌ಎಲ್ ಇರುವ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ 13ನೇ ಕ್ರೋಮೋಸೋಮ್‌ನ ಒಂದು ತುಂಡು ಕಾಣೆಯಾಗಿರುತ್ತದೆ. ಅಲ್ಲಿ ಯಾವುದೋ ದೊಡ್ಡ ಜೀನ್ ಇರಬೇಕು ಅಂತ ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ತಂಡಕ್ಕೆ ಸಿಕ್ಕಿದ್ದು ಎರಡು ಮೈಕ್ರೋ ಆರ್‌ಎನ್‌ಎ: ಮಿರ್-15 ಮತ್ತು ಮಿರ್-16. ಇವು ತಡೆಯುವ ಚೀಟಿಗಳಲ್ಲೊಂದು ಬಿಸಿಎಲ್-2 ಪ್ರೋಟೀನಿನದು. ಕಣವನ್ನು ಸಾಯಲು ಬಿಡದ ಪ್ರೋಟೀನ್ ಅದು. ತಡೆಯುವವರು ಇಲ್ಲದಾಗ ಸಾಯಬೇಕಾದ ಕಣ ಸಾಯುವುದಿಲ್ಲ, ತೋಟದ ದರಕಿನ (ಒಣಗಿದ ಎಲೆಗಳ) ಹಾಗೆ ರಾಶಿ ಬೀಳುತ್ತದೆ. ಕ್ಯಾನ್ಸರ್ ಅಂದರೆ ಸುಮ್ನೆ ಹುಚ್ಚಾಪಟ್ಟೆ ಬೆಳೆಯುವುದು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಸಾಯದೇ ಇರುವುದೇ ದೊಡ್ಡ ತೊಂದರೆ.

ತಿರುಗುಮುರುಗೂ ಆಗುತ್ತದೆ. ಮಿರ್-155 ಒಂದನ್ನೇ ಹೆಚ್ಚಿಸಿದಾಗ ಇಲಿಗಳಿಗೆ ರಕ್ತದ ಕ್ಯಾನ್ಸರ್ ಬಂದಿದೆ.

ಹಾಗಾದರೆ ಮೈಕ್ರೋ ಆರ್‌ಎನ್‌ಎಯನ್ನೇ ಔಷಧಿಯಾಗಿ ಕೊಟ್ಟರೆ? ಮಿರ್-34 ಹೋಲುವ ಔಷಧಿಯೊಂದನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ರೋಗನಿರೋಧಕ ವ್ಯವಸ್ಥೆ ಕೆರಳಿ ತೀವ್ರ ತೊಂದರೆಯಾಯಿತು, 2016ರಲ್ಲಿ ಪ್ರಯೋಗ ನಿಂತಿತು. ಆದರೆ ಬಿಸಿಎಲ್-2 ಪ್ರೋಟೀನನ್ನೇ ಹಿಡಿದು ಕೂರಿಸುವ ವೆನೆಟೊಕ್ಲಾಕ್ಸ್ ಮಾತ್ರೆ ಈಗ ಬಳಕೆಯಲ್ಲಿದೆ.

ಅದಕ್ಕೇ ಮಗನಿಗೆ ಬೇಡ ಅಂದೆ. ಆ ಟೆಸ್ಟ್‌ನಿಂದ ಇವತ್ತು ಚಿಕಿತ್ಸೆ ಬದಲಾಗುವುದಿಲ್ಲ. ಸದ್ಯಕ್ಕೆ ಕ್ರೋಮೋಸೋಮ್‌ನ ಯಾವ ತುಂಡು ಹೋಗಿದೆ ಅಂತ ತೋರಿಸುವ ಫಿಶ್ ಪರೀಕ್ಷೆ ಸಾಕು. (ಮೀನಿಗೂ ಇದಕ್ಕೂ ಸಂಬಂಧವಿಲ್ಲ, ಕಾರವಾರದವರು ಕ್ಷಮಿಸಬೇಕು.) ವರದಿಯಲ್ಲಿ 13ರ ತುಂಡು ಮಾತ್ರ ಹೋಗಿತ್ತು, 17ನೇ ಕ್ರೋಮೋಸೋಮ್ ಸರಿಯಾಗಿತ್ತು. ವಿಚಿತ್ರ ನೋಡಿ, 13 ಒಂದೇ ಹೋಗಿದ್ದರೆ ಅದು ಒಳ್ಳೆಯ ಲಕ್ಷಣ.

“ಈಗ ಮಾತ್ರೆ ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ” ಅಂತ ಹಿರಿಯರಿಗೆ ಅಂದೆ.

“ಹಾಗಾದ್ರೆ ಅಡಿಕೆ ಕೊನೆಕೊಯ್ಲು ಮುಗಿಸಿ ಬರಬಹುದಾ?”

“ಬನ್ನಿ. ಅದಕ್ಕೂ ಮೊದಲು ಕಣ್ಣಿನ ಆಪರೇಷನ್ ಮುಗಿಸಿಕೊಳ್ಳಿ.”